ಮೂರನೆಯ ಬಿಲ್ಲೆ

ನಮ್ಮ ಅಂಗಿ ಕಾರ್ಖಾನೆಯಲ್ಲಿ ಹೆಂಗಸರು ಉಚ್ಚೆಗೆ ಹೋಗಬೇಕೆಂದರೆ ಮೊಳೆಯ ಮೇಲೆ ಬಿಲ್ಲೆ ಇರಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಟಿಂಗ್ ಮಾಸ್ಟರ್ ಬದುಕು ಮೂರಾಬಟ್ಟೆ ಆದದ್ದು ಆ ಮೊಳೆಯ ಹತ್ತಿರ. ಬಾಗಿಲ ಪಕ್ಕದ ಗೋಡೆಗೆ ಒಂದು ಮೊಳೆ, ಅದಕ್ಕೆ ದಾರ ಕಟ್ಟಿ ನೇತುಹಾಕಿದ ಎರಡು ಮರದ ಬಿಲ್ಲೆ, ಅಂಗೈಯಷ್ಟು ಅಗಲ, ಕೆಂಪು ಬಣ್ಣ. ಹೊಲಿಗೆ ಸಾಲಿನಲ್ಲಿ ಕೂತ ಅಷ್ಟೂ ಹೆಂಗಸರಿಗೆ ಆ ಎರಡೇ. ಎರಡೂ ಹೊರಗೆ ಹೋಗಿದ್ದರೆ ತೊಡೆ ಬಿಗಿಹಿಡಿದು ಹೊಲಿಯುತ್ತಿರಬೇಕು. ಸಿಕ್ಕಿದಾಗ ದಾರವನ್ನು ಎಡಗೈ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ, ಬಿಲ್ಲೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಹೋಗುತ್ತೇವೆ. ಹಾಗೆ ಹಿಡಿಯದಿದ್ದರೆ ನಡೆಯುವಾಗ ಅದು ಟಕಟಕ ಬಡಿಯುತ್ತದೆ, ಇಸ್ತ್ರಿ ಮೇಜಿನ ಗಂಡಸರೆಲ್ಲ ತಲೆಯೆತ್ತಿ ಹಲ್ಲು ಕಿರಿಯುತ್ತಾರೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಒಂದೆರಡು ಸಲ ಮಾನ ಹೋದ ಮೇಲೆ ಕೈ ತಾನೇ ಕಲಿಯುತ್ತದೆ.

ಗಂಡಸರಿಗೆ ಬಿಲ್ಲೆ ಇಲ್ಲ. ಬಟ್ಟೆ ಕತ್ತರಿಸುವವರು, ಇಸ್ತ್ರಿ ಹಾಕುವವರು, ಡಬ್ಬಿ ಕಟ್ಟುವವರು ಬೇಕೆಂದಾಗ ಎದ್ದು ಹೋಗುತ್ತಾರೆ, ದಾರಿಯಲ್ಲಿ ಒಂದು ಬೀಡಿ ಸೇದುತ್ತಾರೆ, ಪ್ಯಾಂಟು ಸರಿಮಾಡಿಕೊಳ್ಳುತ್ತಾ ಸಿಳ್ಳೆ ಹೊಡೆಯುತ್ತಾ ಬರುತ್ತಾರೆ. ಅವರ ಹೊಟ್ಟೆಯಲ್ಲಿ ಇರುವುದು ನೀರು, ನಮ್ಮ ಹೊಟ್ಟೆಯಲ್ಲಿ ಇರುವುದು ಸೋಮಾರಿತನ. ಮ್ಯಾನೇಜರ್ ಲೆಕ್ಕ ಇದು.

ನಾನು ಪಾಕೆಟ್ ಹೊಲಿಯುವವಳು. ನಮ್ಮ ಸಾಲಿನಲ್ಲಿ ಯಾರು ಯಾವ ಭಾಗ ಹೊಲಿಯುತ್ತಾರೋ ಅದೇ ಅವರ ಹೆಸರು. ನಾನು ಪಾಕೆಟಕ್ಕ. ಎಲ್ಲರಿಗಿಂತ ಹಿರಿಯಳು ಕಾಲರಕ್ಕ. ಮದುವೆಯಾಗಿ ವರ್ಷ ತುಂಬುವ ಮೊದಲೇ ಬಸುರಿಯಾಗಿ ಬಂದು ಕೂತವಳು ತೋಳಿನ ಹುಡುಗಿ. ನನ್ನ ಬಾಯಿ ಸ್ವಲ್ಪ ಜೋರು, ಅದಕ್ಕೆ ನನ್ನನ್ನು ಕಂಡರೆ ಮ್ಯಾನೇಜರಿಗೂ ಆಗುವುದಿಲ್ಲ, ನನ್ನ ಅತ್ತೆಗೂ ಆಗುವುದಿಲ್ಲ.

ಮಾಸ್ಟರ್ ಬೇರೆ ಊರಿನಿಂದ ಬಂದವನು. ಸಣಕಲು ಮೈ, ಗಲ್ಲದ ಮೇಲೆ ಅಲ್ಲೊಂದು ಇಲ್ಲೊಂದು ಗಡ್ಡ, ಮೆಲುದನಿ. ಬಟ್ಟೆ ಹಾಸುವ ಸಹಾಯಕನಾಗಿ ಸೇರಿದ. ಆದರೆ ಅವನ ಕೈಯಲ್ಲಿ ಕತ್ತರಿ ಹೋಗುವುದನ್ನು ನೋಡಬೇಕಿತ್ತು, ಬಟ್ಟೆಗೇ ಗೊತ್ತಾಗುತ್ತಿರಲಿಲ್ಲ. ಹಳೆಯ ಮಾಸ್ಟರ್ ಕಣ್ಣು ಮಂಜಾಗಿ ಕೆಲಸ ಬಿಟ್ಟಾಗ ಇವನನ್ನೇ ಕಟಿಂಗ್ ಟೇಬಲ್ಲಿಗೆ ನಿಲ್ಲಿಸಿದರು.

ನಿಂತ ವಾರದಲ್ಲೇ ಮ್ಯಾನೇಜರಿಗೆ ಹೇಳಿದ, "ಸಾರ್, ಈ ಬಟ್ಟೆ ಥಾನು ಬಿಗಿಯಾಗಿ ಸುತ್ಕೊಂಡು ಬರುತ್ತೆ. ಬಿಚ್ಚಿ ಒಂದಿನ ಹಾಗೇ ಬಿಡ್ಬೇಕು. ಇಲ್ಲಾಂದ್ರೆ ಕತ್ತರಿಸಿದ್ಮೇಲೆ ಎಳ್ಕೊಳ್ಳುತ್ತೆ."

"ನೀವು ಹೇಳಿದ್ಮೇಲೆ ಮುಗೀತು ಮಾಸ್ಟ್ರೇ," ಎಂದ ಮ್ಯಾನೇಜರ್.

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಇದೇ ಮಾತು, ಇದೇ ಥಾನು, ಇದೇ ಮ್ಯಾನೇಜರ್. ನಾನು ಬಾಯಿ ನೋಯುವಷ್ಟು ಸಲ ಹೇಳಿದ್ದೆ. ನನಗೆ ಸಿಕ್ಕ ಉತ್ತರ, "ಪಾಕೆಟ್ ಹೊಲಿಯೋಳು ಪಾಕೆಟ್ ಹೊಲಿ." ಅವತ್ತು ಮಧ್ಯಾಹ್ನ ಕಟಿಂಗ್ ಟೇಬಲ್ಲಿನಿಂದ ಪೀಸು ತರಲು ಹೋದವಳು ತಡೆಯಲಾರದೆ ಅಂದೇಬಿಟ್ಟೆ, "ಗಂಡಸಾಗಿ ಹುಟ್ಟೋದೊಂದು ಗೊತ್ತಿದ್ರೆ ಸಾಕು ಮಾಸ್ಟ್ರೇ, ಆಮೇಲೆ ಎಲ್ಲಾ ಸಲೀಸು."

ಅವನಿಗೆ ಸಿಟ್ಟು ಬರಲಿಲ್ಲ. ಸೀಮೆಸುಣ್ಣದ ಪುಡಿ ಊದಿ ನಕ್ಕ. "ಗಂಡಸಾಗಿ ಹುಟ್ಟಿದೀನಿ ಅಂತ ಜನಕ್ಕೆ ನಂಬಿಸೋದ್ರಲ್ಲೇ ನನಗೆ ಅರ್ಧ ಆಯಸ್ಸು ಹೋಯ್ತು ಪಾಕೆಟಕ್ಕ," ಎಂದ. ತನ್ನ ಗಡ್ಡವನ್ನು, ದನಿಯನ್ನು ತಾನೇ ಆಡಿಕೊಳ್ಳುತ್ತಿದ್ದಾನೆ ಅಂದುಕೊಂಡು ನಾನೂ ನಕ್ಕೆ. ಅಂದಿನಿಂದ ಅವನ ಮೇಲಿನ ಕೋಪ ಅರ್ಧ ಇಳಿಯಿತು.

ತೋಳಿನ ಹುಡುಗಿಗೆ ಆರು ತಿಂಗಳು ತುಂಬಿದ ಮೇಲೆ ಹೊಟ್ಟೆಯೊಳಗಿನ ಕೂಸು ಮೂತ್ರದ ಚೀಲದ ಮೇಲೇ ಕೂತುಬಿಟ್ಟಿತ್ತೇನೋ, ಗಳಿಗೆಗೊಮ್ಮೆ ಮೊಳೆಯ ಕಡೆ ನೋಡುತ್ತಿದ್ದಳು. ಒಂದು ದಿನ ಎರಡೂ ಬಿಲ್ಲೆ ಹೊರಗಿದ್ದವು. ಅವಳು ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. "ಸಾರ್, ಆಗ್ತಿಲ್ಲ," ಎಂದಳು. "ಬಿಲ್ಲೆ ಬರ್ಲಿ," ಎಂದ ಮ್ಯಾನೇಜರ್. ಬಿಲ್ಲೆ ಬರುವ ಮೊದಲೇ ಸ್ಟೂಲಿನಿಂದ ನೆಲಕ್ಕೆ ತೊಟ್ಟಿಕ್ಕಿತು. ಆ ಹುಡುಗಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಇಸ್ತ್ರಿಯವನು ಜೋರಾಗಿ ನಕ್ಕ. ಮ್ಯಾನೇಜರ್ ಮೂಗು ಮುಚ್ಚಿಕೊಂಡು, "ಇದೇನು ನಿಮ್ಮಪ್ಪನ ಮನೆ ಬಚ್ಚಲಾ? ಸ್ಟೂಲು ಎತ್ಕೊಂಡ್ಹೋಗಿ ನೀನೇ ತೊಳಿ," ಎಂದ. ಬಸುರಿ ಸ್ಟೂಲು ಹೊತ್ತುಕೊಂಡು ಎಲ್ಲರ ಮುಂದೆ ನಡೆದು ಹೊರಗಿನ ನಲ್ಲಿಗೆ ಹೋದಳು. ಮಾಸ್ಟರ್ ಕತ್ತರಿ ಕೆಳಗಿಟ್ಟು ಗೋಡೆ ಕಡೆ ತಿರುಗಿ ನಿಂತಿದ್ದ.

ಬಿಲ್ಲೆ ತೆಗೆಸಬೇಕು ಅಂತ ನಾವು ಹೆಂಗಸರೆಲ್ಲ ಅವತ್ತೇ ತೀರ್ಮಾನ ಮಾಡಿದೆವು. ಹೇಳುವವರು ಯಾರು? ನಾನು ಹೇಳಿದರೆ ಕೆಲಸ ಕೆಡುತ್ತದೆ. ಕಾಲರಕ್ಕ ಹಿರಿಯಳು, ಅವಳನ್ನು ಕೇಳಿದರೆ, "ನನ್ನ ಬಿಟ್ಬಿಡ್ರಮ್ಮ, ಇನ್ನೆರಡು ವರ್ಷ ಹೇಗೋ ತಳ್ಕೊಂಡ್ಹೋಗ್ತೀನಿ," ಎಂದು ಕೈ ತೊಳೆದುಕೊಂಡಳು. ಕೊನೆಗೆ ಮಾಸ್ಟರ್ ಹತ್ತಿರ ನಾನೇ ಹೋದೆ.

"ನಿಮ್ಮ ಮಾತು ನಡೆಯುತ್ತೆ ಮಾಸ್ಟ್ರೇ. ನೀವೊಂದು ಮಾತು ಹೇಳಿ."

ಅವನು ಸುತ್ತಮುತ್ತ ನೋಡಿ ದನಿ ತಗ್ಗಿಸಿದ. "ಬೇಡ ಪಾಕೆಟಕ್ಕ. ನಾನು ಈ ಟೇಬಲ್ ಹತ್ರ ಬಂದು ನಿಲ್ಲೋಕೆ ಎಷ್ಟು ಕಷ್ಟಪಟ್ಟಿದೀನಿ ಅಂತ ನಿಮಗೆ ಗೊತ್ತಿಲ್ಲ. ನನ್ನ ಬಗ್ಗೆ ಯಾರೂ ಎರಡನೇ ಸಲ ತಿರುಗಿ ನೋಡಬಾರದು. ನನಗೆ ಬೇಕಿರೋದು ಅಷ್ಟೇ."

"ಆಯ್ತು ಬಿಡಿ. ನಿಮಗೇನು, ಬಿಲ್ಲೆ ಬೇಕಾ ಏನು?" ಎಂದು ಚುಚ್ಚಿದೆ. ಅವನು ಬಟ್ಟೆಯ ಕಡೆ ತಿರುಗಿದ. ಆದರೆ ಮರುದಿನ ಬೆಳಿಗ್ಗೆ ಸೀದಾ ಮ್ಯಾನೇಜರ್ ಕೋಣೆಗೆ ಹೋದ.

ಆ ಕೋಣೆಗೆ ಅರ್ಧದವರೆಗೆ ಗಾಜು, ಮೇಲೆ ಬಯಲು. ಅಲ್ಲಿ ಆಡಿದ್ದೆಲ್ಲ ನಮ್ಮ ತಲೆ ಮೇಲೆ ಬಂದು ಬೀಳುತ್ತದೆ. ಎಲ್ಲರೂ ಪೆಡಲಿನಿಂದ ಕಾಲು ತೆಗೆದು ಕಿವಿ ನಿಮಿರಿಸಿದೆವು.

"ಬನ್ನಿ ಮಾಸ್ಟ್ರೇ, ಕೂತ್ಕೊಳ್ಳಿ. ಟೀ ಕುಡೀತೀರಾ? ನಿಮಗ್ಯಾಕೆ ಈ ಹೆಂಗಸರ ಉಸಾಬರಿ? ಬಿಲ್ಲೆ ತೆಗೆದ್ರೆ ಅಲ್ಲೇ ಗುಂಪು ಕಟ್ಕೊಂಡು ಹರಟೆ ಹೊಡೀತಾರೆ."

"ಹರಟೆ ಇಲ್ಲ ಸಾರ್. ಬಿಗಿಹಿಡ್ಕೊಂಡು ಹೊಲಿಯೋರ ಕಾಲು ನಡುಗುತ್ತೆ, ಹೊಲಿಗೆ ಸೊಟ್ಟ ಹೋಗುತ್ತೆ. ಬೆಳಿಗ್ಗೆಯಿಂದ ನೀರು ಕುಡಿಯಲ್ಲ, ಮಧ್ಯಾಹ್ನಕ್ಕೆ ತಲೆ ಸುತ್ತುತ್ತೆ. ಕೆಟ್ಟ ಪೀಸೆಲ್ಲ ಮಧ್ಯಾಹ್ನದ್ದೇ, ನೀವೇ ನೋಡಿ."

ಮ್ಯಾನೇಜರ್ ಸೊರಸೊರ ಟೀ ಹೀರಿದ. "ನೀವು ಇಷ್ಟು ಹೇಳ್ತಿದೀರ ಅಂದ್ರೆ ತೆಗೆದುಹಾಕೋಣ ಬಿಡಿ. ಸೋಮವಾರದಿಂದ ಬಿಲ್ಲೆ ಬೇಡ."

ಅಷ್ಟೇ! ಒಂದು ಲೋಟ ಟೀ ಆರುವುದರೊಳಗೆ! ಸಾಲಿನ ಹೆಂಗಸರು ಒಬ್ಬರನ್ನೊಬ್ಬರು ಚಿವುಟಿಕೊಂಡರು, ತೋಳಿನ ಹುಡುಗಿ ಅತ್ತಳು. ನನಗೂ ಕುಣಿಯುವಷ್ಟು ಸಂತೋಷವಾಯಿತು, ಜೊತೆಗೆ ಮೈಯೆಲ್ಲ ಉರಿಯಿತು. ನಮ್ಮ ಉಚ್ಚೆಯ ಕಷ್ಟ ಗಂಡಸಿನ ಬಾಯಲ್ಲಿ ಬಂದ ಮೇಲೇ ಕಷ್ಟ ಅನ್ನಿಸಿಕೊಂಡಿತಲ್ಲ!

ಮಾಸ್ಟರ್ ಹೊರಗೆ ಬಂದ. ಅಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದನೋ ಏನೋ, ಮೈಯೆಲ್ಲ ಸಡಿಲಾಗಿತ್ತು, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮುಖ ತೊಳೆಯಲೆಂದು ಬಾಗಿಲ ಕಡೆ ನಡೆದ. ಹೋಗುತ್ತಾ ಹೋಗುತ್ತಾ, ನೋಡದೆಯೇ, ಅವನ ಕೈ ಗೋಡೆಗೆ ಹೋಯಿತು. ಮೊಳೆಯಿಂದ ಬಿಲ್ಲೆ ತೆಗೆಯಿತು. ದಾರವನ್ನು ಎಡಗೈ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ ಬಿಲ್ಲೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿತು.

"ಏನ್ ಮಾಸ್ಟ್ರೇ, ಬಿಲ್ಲೆ ತೆಗೆಸಿ ನೀವೇ ಇಟ್ಕೊಳ್ತೀರಾ?" ಎಂದು ಇಸ್ತ್ರಿಯವನು ನಗಾಡಿದ. ಗಂಡಸರೆಲ್ಲ ನಕ್ಕರು. ಮಾಸ್ಟರ್ ತನ್ನ ಕೈಯನ್ನು ತಾನೇ ನೋಡಿಕೊಂಡ, ಬೆಂಕಿ ಮುಟ್ಟಿದವನಂತೆ ಬಿಲ್ಲೆಯನ್ನು ಮೊಳೆಗೆ ಹಾಕಿ ಹೊರಟುಹೋದ. ಹೆಂಗಸರ ಸಾಲಿನಲ್ಲಿ ಮಾತ್ರ ಯಾರೂ ನಗಲಿಲ್ಲ. ಆ ಎರಡು ಸುತ್ತು, ಆ ಮುಷ್ಟಿ ನಮ್ಮದು. ನೋಡಿ ಕಲಿಯುವಂಥದ್ದಲ್ಲ ಅದು, ಇಂಥದ್ದೇ ಬಿಲ್ಲೆ ಇರುವ ಯಾವುದೋ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಸ್ಟೂಲಿನ ಮೇಲೆ ಕೂತು ಬಂದಂಥದ್ದು.

ನಾನು ಬಾಯಿ ಮುಚ್ಚಿಕೊಂಡಿದ್ದೆ. ನನಗೇ ಆಶ್ಚರ್ಯ, ಆದರೂ ಮುಚ್ಚಿಕೊಂಡಿದ್ದೆ. ತೋಳಿನ ಹುಡುಗಿಯೂ ಸುಮ್ಮನಿದ್ದಳು. ಕಾಲರಕ್ಕ ಮಾತ್ರ ಅವತ್ತಿಡೀ ಒಂದು ಕಾಲರೂ ನೆಟ್ಟಗೆ ಹೊಲಿಯಲಿಲ್ಲ. ಮರುದಿನ ಊಟದ ಬಿಡುವಿನಲ್ಲಿ ಎದ್ದು ಕಟಿಂಗ್ ಟೇಬಲ್ಲಿಗೆ ಹೋಗಿ, ಗಂಡಸರೆಲ್ಲ ಕೇಳುವಂತೆ ಕೇಳಿದಳು, "ಯಾವ ಕಾರ್ಖಾನೇಲಿ ಕೂತಿದ್ದೆ? ಕಾಲರೋ, ತೋಳೋ?"

ಮಾಸ್ಟರ್ ಕೈಯಲ್ಲಿದ್ದ ಕತ್ತರಿ ಬಟ್ಟೆಯ ನಡುವೆ ನಿಂತಿತು.

"ಹೇಳೇ!" ಎಂದಳು ಕಾಲರಕ್ಕ. "ನಾವೆಲ್ಲ ಕೆಳಗೆ ಬಿಗಿಹಿಡ್ಕೊಂಡು ಸಾಯ್ಬೇಕು, ನೀನು ಗಡ್ಡ ಬಿಟ್ಕೊಂಡು ಮ್ಯಾನೇಜರ್ ಜೊತೆ ಕಾಲ ಮೇಲೆ ಕಾಲು ಹಾಕಿ ಟೀ ಕುಡೀಬೇಕು, ಅಲ್ವಾ? ನಮ್ಮ ಹಾಗೇ ಸ್ಟೂಲಿನ ಮೇಲೆ ಕೂತೋಳು ನೀನು. ತಪ್ಪಿಸ್ಕೊಂಡು ಮೇಲೆ ಹತ್ತಿಬಿಟ್ಯಾ?"

ಅವಳಿಗೆ ಸಿಟ್ಟು ಬಂದದ್ದು ಅವನು ಸುಳ್ಳು ಹೇಳಿದ ಅಂತಲ್ಲ. ಬಿಲ್ಲೆಯಿಂದ ಒಬ್ಬರು ಪಾರಾದರಲ್ಲ ಅಂತ. ಗಂಡಸರು ಹುಟ್ಟಿದಾರಭ್ಯ ಪಾರಾಗಿಯೇ ಇದ್ದಾರೆ, ಅವರ ಮೇಲೆ ಅವಳಿಗೆ ಎಂದೂ ಸಿಟ್ಟು ಬಂದದ್ದು ನಾನು ಕಂಡಿಲ್ಲ.

ಆಮೇಲೆ ನಡೆದದ್ದನ್ನು ಹೇಳಲು ನನ್ನ ನಾಲಿಗೆಗೂ ಹೇಸಿಗೆ. ನಿನ್ನೆಯವರೆಗೆ ಅವನ ಹೆಗಲ ಮೇಲೆ ಕೈ ಹಾಕಿ ಬೀಡಿ ಕೇಳುತ್ತಿದ್ದ ಇಸ್ತ್ರಿಯವನು ಗಂಡಸರ ಕಕ್ಕಸಿನ ಬಾಗಿಲಿಗೆ ಅಡ್ಡ ನಿಂತ. "ಒಳಗೆ ಬರ್ಬೇಕಾ? ಮೊದಲು ಇಲ್ಲೇ ತೋರ್ಸು," ಎಂದ. ಉಳಿದವರು ಕೇಕೆ ಹಾಕಿದರು. ಯಾರೋ ಅವನ ಪ್ಯಾಂಟಿನ ಬೆಲ್ಟಿಗೆ ಕೈ ಹಾಕಿದರು. ಮಾಸ್ಟರ್ ಕೊಸರಿಕೊಂಡು ಓಡಿದ. ಪಕ್ಕದ ಹೆಂಗಸರ ಕಕ್ಕಸಿನ ಬಾಗಿಲಲ್ಲಿ ಕಾಲರಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಇಲ್ಲಿಗ್ಯಾಕೆ ಬರ್ತೀಯಾ? ಗಡ್ಡ ಇಟ್ಕೊಂಡು ಹೆಂಗಸರ ಹತ್ರ?" ಎರಡು ಬಾಗಿಲ ನಡುವೆ ಅವನು ನಿಂತುಬಿಟ್ಟ.

"ಬಿಡ್ರೋ ಅವರನ್ನ! ನೀವು ಹೊಟ್ಟೆಗೆ ಅನ್ನ ತಿನ್ನಲ್ವಾ?" ಎಂದು ನಾನು ಕೂಗಿದೆ. ಒಬ್ಬನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಾಕೆಟ್ ಹೊಲಿಯುವವಳ ಮಾತು ತಾನೇ.

ಮ್ಯಾನೇಜರ್ ಕರೆಸಿದ. ಈ ಸಲ 'ಕೂತ್ಕೊಳ್ಳಿ' ಅನ್ನಲಿಲ್ಲ. 'ನೀವು' ಅನ್ನಲಿಲ್ಲ. ಟೀ ಮಾತೇ ಇಲ್ಲ.

"ನೀನು ಹೆಂಗಸಾ?"

"ಗಂಡಸು ಸಾರ್. ಆದ್ರೆ ಆ ಸ್ಟೂಲಿನ ಮೇಲೆ ಕೂತಿದ್ದು ನಿಜ, ಬಿಗಿಹಿಡ್ಕೊಂಡು ಹೊಲಿದಿದ್ದೂ ನಿಜ. ಕೂತಿದ್ದಕ್ಕೇ ನಿಮಗೆ ಅಷ್ಟು ಬಿಡಿಸಿ ಹೇಳೋಕಾಗಿದ್ದು."

"ಓಹೋ! ನಾನು ಗಂಡಸಿನ ಜೊತೆ ಮಾತಾಡ್ತಿದೀನಿ ಅಂದ್ಕೊಂಡು ಒಪ್ಪಿದ್ದೆ ಕಣಮ್ಮ." ಆ ಅಮ್ಮ ಅನ್ನುವ ಮಾತನ್ನು ಅವನು ಉಗುಳಿದ ಹಾಗೆ ಅಂದ. "ಹೆಂಗಸರು ಹೇಳಿದ್ದಕ್ಕೆಲ್ಲ ಕುಣೀತಾ ಕೂತ್ರೆ ಅಂಗಿ ಹೊಲಿಯೋರ್ಯಾರು? ಬಿಲ್ಲೆ ಎಲ್ಲಿದ್ಯೋ ಅಲ್ಲೇ ಇರುತ್ತೆ. ಕೈ ಕೆಲಸ ಚೆನ್ನಾಗಿದೆ, ಅದಕ್ಕೆ ಓಡಿಸ್ತಿಲ್ಲ. ಸೋಮವಾರದಿಂದ ಸಾಲಿನಲ್ಲಿ ಕೂತು ತೋಳು ಹೊಲಿ. ಕಟಿಂಗ್ ಟೇಬಲ್ಲನ್ನ ಇಸ್ತ್ರಿಯವನು ನೋಡ್ಕೊಳ್ತಾನೆ."

ಅಲ್ಲಿಗೆ ನಮ್ಮ ಸೋಮವಾರವೂ ಹೋಯಿತು. ಕಾಲರಕ್ಕನಿಗೆ ಅದು ಅರ್ಥವಾಯಿತೋ ಇಲ್ಲವೋ, ಗಾಜಿನ ಹೊರಗಿನಿಂದಲೇ ಕೂಗಿದಳು, "ನಮ್ಮ ಬಿಲ್ಲೆ ಮಾತ್ರ ಮುಟ್ಟಿಸ್ಬೇಡಿ ಸಾರ್. ನಮ್ಮ ಕಕ್ಕಸಿಗೂ ಬಿಡ್ಬೇಡಿ."

"ಏನ್ರೀ ನ್ಯಾಯ ಇದು!" ನನಗೆ ತಡೆಯಲಾಗಲಿಲ್ಲ. "ಹೆಂಗಸು ಅಂತ ಟೇಬಲ್ ಕಿತ್ಕೊಳ್ತೀರ, ಹೆಂಗಸಲ್ಲ ಅಂತ ಬಾಗಿಲು ಹಾಕ್ತೀರ. ಅವರು ಹೋಗೋದೆಲ್ಲಿಗೆ?"

"ಜನರೇಟರ್ ಹಿಂದೆ ಹಳೇದೊಂದಿದ್ಯಲ್ಲ, ಅದಕ್ಕೇ ಬೇರೆ ಬಿಲ್ಲೆ ಹಾಕ್ಸೋಣ," ಎಂದ ಮ್ಯಾನೇಜರ್. ಚಿಲಕವಿಲ್ಲದ ಕಕ್ಕಸು ಅದು, ನಾಯಿ ಮರಿ ಹಾಕುವ ಜಾಗ. ಇಸ್ತ್ರಿಯವನು ಆಗಲೇ ಹಲಗೆ ಚೂರೊಂದನ್ನು ಹಿಡಿದು ತೂತು ಕೊರೆಯಲು ಕೂತಿದ್ದ.

ಸಂಜೆ ಹೋಗುವಾಗ ನೋಡಿದೆ, ಮಾಸ್ಟರ್ ಕತ್ತರಿ ಟೇಬಲ್ ಮೇಲೇ ಉಳಿದಿತ್ತು. ಅದು ಕಾರ್ಖಾನೆಯದಲ್ಲ, ಅವನ ಸ್ವಂತದ್ದು. ಇಸ್ತ್ರಿಯವನು ಅದನ್ನು ಆಗಲೇ ಕೈಯಲ್ಲಿ ಆಡಿಸುತ್ತಿದ್ದ. ಅವನ ಕೈಯಿಂದ ಕಿತ್ತುಕೊಂಡು ಚಿಂದಿಯಲ್ಲಿ ಸುತ್ತಿ, ಭಾನುವಾರ ಮಾಸ್ಟರ್ ಮನೆಗೆ ಹೋದೆ.

ಮನೆಯೆಂದರೆ ಮಹಡಿ ಮೇಲೆ ಒಂದು ಕೋಣೆ. ಕಿಟಕಿಯ ಸರಳಿಗೆ ಸಿಕ್ಕಿಸಿದ ಸಣ್ಣ ಕನ್ನಡಿ, ಅದರ ಕೆಳಗೆ ಗಡ್ಡದ ಬ್ರಷ್ಷು. ತಾಯಿ ಅಡುಗೆ ಮಾಡುತ್ತಿದ್ದಳು, ಅವನು ಗೋಡೆಗೊರಗಿ ಕೂತಿದ್ದ. ಅವನನ್ನು ಹದಿಹರೆಯದಲ್ಲೇ ಊರಿನ ಕಾರ್ಖಾನೆಯ ಹೊಲಿಗೆ ಸಾಲಿಗೆ ಹಾಕಿದ್ದರಂತೆ, ಅಣ್ಣನ ಓದಿಗೆ ದುಡ್ಡು ಬೇಕಿತ್ತು. ಮೊದಲಿನಿಂದಲೂ ತಾನು ಗಂಡು ಅಂತ ಅವನಿಗೆ ಗೊತ್ತಿತ್ತು, ಹೇಳಿದರೆ ಒದೆ ಬೀಳುತ್ತಿತ್ತು. ದುಡಿದು ದುಡಿದು ಕೂಡಿಟ್ಟು, ಡಾಕ್ಟರ ಹತ್ತಿರ ಹೋಗಿ ಔಷಧಿ ತೆಗೆದುಕೊಂಡ, ಗಡ್ಡ ಬಂದ ದಿನ ಅಣ್ಣ ಮನೆಯಿಂದ ಹೊರಗೆ ಹಾಕಿದ. ತಾಯಿ ಹಿಂದೆಯೇ ಬಂದಳು.

"ಯಾಕೆ ಬಂದಳು ಗೊತ್ತಾ?" ಎಂದ ಮಾಸ್ಟರ್. "ಅಣ್ಣ ಇವಳಿಗೂ ಅನ್ನ ಹಾಕ್ತಿರಲಿಲ್ಲ. ನಾನು ಹೆಣ್ಣಾಗಿದ್ದಾಗ ಎಲ್ಲರದ್ದೂ ಆದ್ಮೇಲೆ ತಳ ಕೆರೆದು ಹಾಕ್ತಿದ್ದಳು. ಇಲ್ಲಿಗೆ ಬಂದ ಮೊದಲನೇ ದಿನವೇ ಬಿಸಿ ಅನ್ನ ನನಗೆ ಮೊದಲು. ಅವತ್ತು ಬಾತ್ರೂಮಿಗೆ ಹೋಗಿ ಅತ್ತುಬಿಟ್ಟೆ. ಸಂತೋಷಕ್ಕೋ ಹೊಟ್ಟೆ ಉರಿಗೋ ನನಗೇ ಗೊತ್ತಾಗ್ಲಿಲ್ಲ."

ತಾಯಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಸುದ್ದಿ ಮನೆ ಮಾಲೀಕನಿಗೂ ಮುಟ್ಟಿತ್ತು, ಬೆಳಿಗ್ಗೆ ಬಂದು ಕೋಣೆ ಖಾಲಿ ಮಾಡಿ ಅಂದು ಹೋಗಿದ್ದ. ಅವಳು ತಟ್ಟೆ ಹಾಕಿದಳು. ನನಗೆ ಬಡಿಸಿದಳು, ತನಗೆ ಬಡಿಸಿಕೊಂಡಳು. ಪಾತ್ರೆಯನ್ನು ಅವನ ಕಡೆ ಕಾಲಿನಿಂದ ಸರಿಸಿದಳು. "ತಳದಲ್ಲಿದೆ, ಕೆರ್ಕೊಂಡು ತಿನ್ನು. ಇರೋದನ್ನ ಮುಚ್ಚಿಟ್ಕೊಳ್ಳೋಕೂ ಬರಲ್ವಲ್ಲ ನಿನಗೆ."

ನಾನು ತಟ್ಟೆ ಸರಿಸಿದೆ. ಎದ್ದು ಕೈ ತೊಳೆದೆ. "ಬೇರೆ ಊರಿಗೆ ಹೋಗಿ ಮಾಸ್ಟ್ರೇ. ಆ ಸ್ಟೂಲಿನ ಮೇಲೆ ಮಾತ್ರ ಕೂರ್ಬೇಡಿ," ಎಂದೆ.

"ಎಲ್ಲಿ ಕೆಲಸಕ್ಕೆ ಹೋದ್ರೂ ನಮ್ಮ ಮ್ಯಾನೇಜರಿಗೆ ಫೋನ್ ಮಾಡಿ ಕೇಳ್ತಾರೆ, ಇವರು ಹೇಳ್ತಾರೆ. ಕೆಲಸ ಬಿಟ್ರೆ ಅಮ್ಮನ್ನ ಕರ್ಕೊಂಡು ಎಲ್ಲಿ ಮಲಗ್ಲಿ?" ಕತ್ತರಿಯನ್ನು ಚಿಂದಿಯಿಂದ ಬಿಚ್ಚಿ ನೋಡಿ, ಮತ್ತೆ ಸುತ್ತಿ ಗೂಡಿನಲ್ಲಿಟ್ಟ.

ಸೋಮವಾರ ಬಂದ. ತೋಳಿನ ಹುಡುಗಿಯ ಪಕ್ಕದ ಮಷೀನಿನಲ್ಲಿ ಕೂತ. ನಾನು ಅವನನ್ನು ಮಾಸ್ಟ್ರೇ ಎಂದೇ ಕರೆದೆ, ಆ ಹುಡುಗಿಯೂ ಕರೆದಳು, ಬೇರೆ ಯಾರೂ ಕರೆಯಲಿಲ್ಲ. ಬಾಗಿಲ ಪಕ್ಕ ಒಂದು ಹೊಸ ಮೊಳೆ ಬಂದಿತ್ತು, ಕೆಂಪು ಬಿಲ್ಲೆಗಳಿಂದ ಮೊಳದಷ್ಟು ದೂರ. ಅದರ ಮೇಲೆ ಬಣ್ಣವಿಲ್ಲದ ಹಸಿ ಹಲಗೆಯ ಬಿಲ್ಲೆ. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ, ಬೆಳಿಗ್ಗೆಯಿಂದ ನೀರೂ ಕುಡಿಯಲಿಲ್ಲ. ಹೊಸ ಥಾನು ಬಂತು. ಇಸ್ತ್ರಿಯವನು ಬಿಚ್ಚಿದವನೇ ಕತ್ತರಿ ಹಚ್ಚಿದ. ಮಾಸ್ಟರ್ ತಡೆಯಲಾರದೆ ಎದ್ದು ನಿಂತ, "ಸಾರ್, ಅದನ್ನ ಒಂದಿನ ಬಿಡ್ಬೇಕು, ಎಳ್ಕೊಳ್ಳುತ್ತೆ."

"ತೋಳು ಹೊಲಿಯೋಳು ತೋಳು ಹೊಲಿ," ಎಂದ ಮ್ಯಾನೇಜರ್.

ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಲಾರದೆ ಸೂಜಿಗೆ ದಾರ ಪೋಣಿಸುತ್ತಾ ಕೂತೆ.

ಮಧ್ಯಾಹ್ನದ ಮೇಲೆ ಎರಡೂ ಕೆಂಪು ಬಿಲ್ಲೆ ಹೊರಗೆ ಹೋಗಿದ್ದವು. ಕಾಲರಕ್ಕ ಸ್ಟೂಲಿನ ಮೇಲೆ ಒಂದೇ ಸಮ ಹೊರಳಾಡುತ್ತಿದ್ದಳು. ಸಕ್ಕರೆ ಕಾಯಿಲೆಯವಳು, ಅವಳಿಗೆ ತಡೆಯುವ ಶಕ್ತಿ ಕಡಿಮೆ. ಹಣೆಯಲ್ಲಿ ಬೆವರು ಮೂಡಿತು. "ಬಿಲ್ಲೆ ಇಲ್ಲದೆ ಎದ್ರೆ ಮನೆಗೇ ಹೋಗು," ಎಂದ ಮ್ಯಾನೇಜರ್, ಅವಳು ಬಾಯಿ ತೆರೆಯುವ ಮೊದಲೇ.

ಮಾಸ್ಟರ್ ಎದ್ದ. ಹೊಸ ಮೊಳೆಯ ಹತ್ತಿರ ಹೋಗಿ ತನ್ನ ಬಿಲ್ಲೆ ತೆಗೆದು, ತಂದು, ಕಾಲರಕ್ಕನ ಮಷೀನಿನ ಮೇಲಿಟ್ಟ. ಇಡೀ ಸಾಲು ಹೊಲಿಗೆ ನಿಲ್ಲಿಸಿತು. ಮ್ಯಾನೇಜರ್ ಮಜಾ ನೋಡುತ್ತಾ ನಿಂತ.

"ತಗೊಳ್ಳಿ ಅಕ್ಕ," ಎಂದ ಮಾಸ್ಟರ್. "ನನಗೆ ಬೇಡ. ಹೋಗಿ ಬನ್ನಿ."

ಕಾಲರಕ್ಕ ಆ ಬಿಲ್ಲೆಯನ್ನು ನೋಡಿದಳು. ಅವಳ ಕಾಲು ಗಡಗಡ ನಡುಗುತ್ತಿತ್ತು. ಕೈ ಚಾಚಿದರೆ ಸಾಕಿತ್ತು. "ಛೀ," ಎಂದಳು. "ಇದನ್ನ ಮುಟ್ತೀನಾ ನಾನು?" ಎಂದು ಹೊಲಿಯುತ್ತಿದ್ದ ಕಾಲರಿನ ತುದಿಯಿಂದ ಅದನ್ನು ತಳ್ಳಿದಳು. ಬಿಲ್ಲೆ ನೆಲಕ್ಕೆ ಬಿದ್ದು ಟಕ್ಕೆಂದಿತು.

ಮಾಸ್ಟರ್ ಬಗ್ಗಿ ಅದನ್ನು ಎತ್ತಿಕೊಂಡ. ಅವನಿನ್ನೂ ಬಗ್ಗಿದ್ದಾಗಲೇ ಅವಳ ಸ್ಟೂಲಿನಿಂದ ತೊಟ್ಟಿಕ್ಕತೊಡಗಿತು.

ಯಾರೂ ನಗಲಿಲ್ಲ, ಇಸ್ತ್ರಿಯವನೊಬ್ಬನನ್ನು ಬಿಟ್ಟು. ಸ್ವಲ್ಪ ಹೊತ್ತಿನ ಮೇಲೆ ಕಾಲರಕ್ಕ ಒದ್ದೆ ಸೀರೆಯಲ್ಲೇ ಎದ್ದು, ಸ್ಟೂಲನ್ನು ಎತ್ತಿಕೊಂಡು, ಎರಡೂ ಮೊಳೆಗಳನ್ನು ದಾಟಿಕೊಂಡು ಹೊರಗಿನ ನಲ್ಲಿಗೆ ಹೋದಳು. ಸ್ಟೂಲು ತೊಳೆಯಲು ಹೋಗುವವರಿಗೆ ಬಿಲ್ಲೆ ಬೇಕಿಲ್ಲ.